ಅಂದಾಂತೆ ಎಂದರೆ ನಡಿಗೆ: ಸ್ವರಪುಟದ ಇಟಾಲಿಯನ್ ಪದಗಳನ್ನು ಓದುವುದು ಹೇಗೆ

ತಂಗಿಯ ಮಗಳಿಗೆ ಹತ್ತು ವರ್ಷ. ಕೀಬೋರ್ಡ್ ಕಲಿಯುತ್ತಿದ್ದಾಳೆ, ಗ್ರೇಡ್ ಪರೀಕ್ಷೆ ಹತ್ತಿರ ಬಂದಿದೆ. ಹೋದ ಭಾನುವಾರ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದಳು. ಪುಟದ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ‘ಅಂದಾಂತೆ ಕಂತಾಬಿಲೆ’ ಎಂದಿತ್ತು. ಕೆಳಗೆ ಗೆರೆಗಳ ನಡುವೆ ಓರೆಯಾಗಿ ನಿಂತ ಎಂ, ಪಿ ಅಕ್ಷರಗಳು. ಎರಡು ಸಾಲು ದಾಟಿದರೆ ‘ಕ್ರೆಶ್’, ಕೊನೆಯ ಸಾಲಿನಲ್ಲಿ ‘ರಿತ್’, ಕೊನೆಯ ಸ್ವರದ ತಲೆಯ ಮೇಲೆ ಒಂದು ಬಿಲ್ಲು, ಬಿಲ್ಲಿನೊಳಗೊಂದು ಚುಕ್ಕಿ.

“ದೊಡ್ಡಮ್ಮಾ, ಇದನ್ನೆಲ್ಲ ಬಾಯಿಪಾಠ ಮಾಡ್ಬೇಕಂತೆ. ಯಾವ ಭಾಷೆ ಇದು?”

ಇಟಾಲಿಯನ್ ಅಂದೆ. “ಈ ಹಾಡು ಬರ್ದೋರು ಜರ್ಮನಿಯವ್ರು ಅಂತ ಮೇಲೆ ಇದೆಯಲ್ಲ?” ಎಂದಳು. ಒಳ್ಳೆಯ ಪ್ರಶ್ನೆ.

ಬೆಂಗಳೂರು, ಮಂಗಳೂರುಗಳಲ್ಲಿ ಟ್ರಿನಿಟಿ, ಎಬಿಆರ್‌ಎಸ್‌ಎಂ ಎಂಬ ಲಂಡನ್ನಿನ ಮಂಡಳಿಗಳ ಸಂಗೀತ ಪರೀಕ್ಷೆಗೆ ಕೂರುವ ಮಕ್ಕಳಿರುವ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತಲೇ ಇರುತ್ತದೆ. ಪದಗಳ ಅರ್ಥವನ್ನು ಪರೀಕ್ಷೆಯಲ್ಲಿ ಕೇಳುತ್ತಾರೆ, ಮಕ್ಕಳು ಗೈಡ್ ನೋಡಿ ಉರು ಹೊಡೆಯುತ್ತಾರೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಇಟಲಿಯ ಒಪೆರಾ ಗಾಯನ ಕಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಸುದ್ದಿಗಳಲ್ಲೂ ಸೊಪ್ರಾನೊ, ಬೆಲ್ ಕಾಂತೊ ಎಂಬ ಪದಗಳು ಬಂದವು, ಅರ್ಥ ಮಾತ್ರ ಬರಲಿಲ್ಲ.

ಈ ಪದಗಳಲ್ಲಿ ಪಾರಿಭಾಷಿಕ ಎನ್ನುವಂಥದ್ದು ಬಹಳ ಕಡಿಮೆ. ಇಟಲಿಯ ಅಡುಗೆಮನೆಯಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ ಇವತ್ತಿಗೂ ಕೇಳಿಸುವ ಮಾತುಗಳಿವು. ನಡೆ, ಒರಗು, ಎದೆ, ತಲೆ, ಬಾಲ, ಸಿಹಿ, ಬೆಂಕಿ ಇಂಥವು. ಆ ಮೂಲ ಅರ್ಥ ಗೊತ್ತಾದರೆ ಬಾಯಿಪಾಠದ ಮುಕ್ಕಾಲು ಭಾಗ ತಪ್ಪುತ್ತದೆ.

ಇಟಾಲಿಯನ್ನೇ ಯಾಕೆ?

ಯುರೋಪಿನ ಸಂಗೀತದಲ್ಲಿ ಹೊಸದು ಎನ್ನುವುದು ಹಲವು ಸಲ ಇಟಲಿಯಲ್ಲೇ ಮೊದಲು ಕಾಣಿಸಿಕೊಂಡಿತು. ಹನ್ನೊಂದನೇ ಶತಮಾನದಲ್ಲಿ ಅರೆಟ್ಸೊ ಊರಿನ ಗ್ವಿದೊ ಎಂಬ ಸನ್ಯಾಸಿ ಹುಡುಗರಿಗೆ ಹಾಡು ಕಲಿಸಲು ಒಂದು ಸ್ತೋತ್ರದ ಸಾಲುಗಳ ಮೊದಲ ಅಕ್ಷರಗಳನ್ನೇ ಸ್ವರಗಳ ಹೆಸರು ಮಾಡಿದ: ಉತ್, ರೆ, ಮಿ, ಫಾ, ಸೋಲ್, ಲಾ. ನಮ್ಮ ಸರಿಗಮದ ಹಾಗೆಯೇ. ‘ಉತ್’ ಹಾಡಲು ಕಷ್ಟವೆಂದು ಮುಂದೆ ‘ದೋ’ ಆಯಿತು. 1501ರಲ್ಲಿ ವೆನಿಸ್ಸಿನ ಪೆತ್ರುಚ್ಚಿ ಅಚ್ಚಿನ ಮೊಳೆಗಳಿಂದ ಹಲವು ದನಿಗಳ ಹಾಡುಗಳ ಸಂಗ್ರಹವನ್ನು ಮುದ್ರಿಸಿದ. ಅಲ್ಲಿಂದ ಸ್ವರಪುಟಗಳು ಅಂಗಡಿಯ ಸರಕಾದವು.

ಮುದ್ರಣ ಬಂದಾಗ ಒಂದು ತೊಡಕೂ ಬಂತು. ಗುರು ಎದುರಿಗೆ ಕೂತು ಕಲಿಸುವಾಗ ‘ಇಲ್ಲಿ ಸ್ವಲ್ಪ ಮೆಲ್ಲಗೆ’ ಎಂದು ಕೈಯಲ್ಲೇ ತೋರಿಸಬಹುದು. ಪುಸ್ತಕ ಸಾವಿರ ಮೈಲಿ ದೂರದವನ ಕೈಗೆ ಹೋದರೆ ಆ ಮಾತನ್ನು ಬರೆದೇ ಕಳಿಸಬೇಕು. ಬರೆದವರು ಇಟಲಿಯವರು, ತಮ್ಮ ಮಾತಿನಲ್ಲೇ ಬರೆದರು.

ಮಿಕ್ಕ ಕೆಲಸ ಮಾಡಿದ್ದು ಒಪೆರಾ. ನಾಟಕವಿಡೀ ಹಾಡಿನಲ್ಲೇ ನಡೆಯುವ ಈ ಪ್ರಕಾರ 1600ರ ಆಸುಪಾಸಿನಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿತು. 1637ರಲ್ಲಿ ವೆನಿಸ್ಸಿನಲ್ಲಿ ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದಾದ ಮೊದಲ ಒಪೆರಾ ಮಂದಿರ ತೆರೆಯಿತು. ಆಮೇಲೆ ನೂರೈವತ್ತು ವರ್ಷ ಇಟಲಿಯ ಗಾಯಕರು, ಪಿಟೀಲು ವಾದಕರು, ಗುರುಗಳು ಯುರೋಪಿನ ಆಸ್ಥಾನಗಳನ್ನೆಲ್ಲ ತುಂಬಿದರು. ಫ್ರಾನ್ಸಿನ ದೊರೆಯ ಸಂಗೀತ ನಡೆಸಿದ ಲುಲ್ಲಿ ಫ್ಲಾರೆನ್ಸಿನವನು. ಜರ್ಮನಿಯಲ್ಲಿ ಹುಟ್ಟಿದ ಹ್ಯಾಂಡಲ್ ಲಂಡನ್ನಿನ ಇಂಗ್ಲಿಷರಿಗೆ ಇಟಾಲಿಯನ್ ಭಾಷೆಯಲ್ಲಿ ಒಪೆರಾ ಬರೆದ.

ಚೆನ್ನೈಯ ತಮಿಳು ಹುಡುಗಿ, ವಿಜಯವಾಡದ ತೆಲುಗು ಹುಡುಗ ಇವತ್ತಿಗೂ ಮೊದಮೊದಲ ಗೀತೆಗಳನ್ನು ಕಲಿಯುವುದು ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಎಂದು ಕನ್ನಡದಲ್ಲಿ. ಪುರಂದರದಾಸರ ಗೀತೆಗಳು ಪಾಠಕ್ರಮದ ಬುಡದಲ್ಲೇ ಕೂತಿರುವುದರಿಂದ ಕನ್ನಡ ಬಾರದವರ ಬಾಯಲ್ಲೂ ಕನ್ನಡ ಉಳಿದಿದೆ. ಜರ್ಮನಿಯ ಮಗು ‘ಅಲೆಗ್ರೊ’ ಎನ್ನುವುದೂ ಹೀಗೇ.

ಕನ್ನಡಿಗರಿಗೆ ಈ ಪದಗಳಲ್ಲಿ ಒಂದು ಅನುಕೂಲವಿದೆ, ಯಾರೂ ಹೇಳುವುದಿಲ್ಲ. ಇಟಾಲಿಯನ್ ಪದಗಳು ಹೆಚ್ಚಾಗಿ ನಮ್ಮ ಪದಗಳಂತೆ ಸ್ವರಾಂತ. ಅದರ ‘ತ’ ನಮ್ಮ ‘ತ’ ಇದ್ದಂತೆ ಹಲ್ಲಿಗೆ ನಾಲಗೆ ತಾಗಿ ಹುಟ್ಟುವುದು, ‘ಟ’ ಅಲ್ಲ. ಒತ್ತಕ್ಷರವೂ ಉಂಟು. ನಮ್ಮಲ್ಲಿ ‘ಕತೆ’ ಬೇರೆ, ‘ಕತ್ತೆ’ ಬೇರೆ. ಅವರಲ್ಲಿ ‘ನೋನೊ’ ಎಂದರೆ ಒಂಬತ್ತನೆಯದು, ‘ನೊನ್ನೊ’ ಎಂದರೆ ಅಜ್ಜ. ಹಾಗಾಗಿ ಇಂಗ್ಲಿಷ್ ಉಚ್ಚಾರದ ಹಂಗಿಲ್ಲದೆ ‘ಸ್ತಕ್ಕಾತೊ’, ‘ಲೆಗಾತೊ’ ಎಂದು ನೇರ ಕನ್ನಡದಲ್ಲಿ ಬರೆದುಕೊಂಡು ಓದಿದರೆ ಮೂಲಕ್ಕೆ ಹತ್ತಿರ ಇರುತ್ತದೆ. ಮಗುವಿಗೂ ಹಾಗೆಯೇ ಬರೆದುಕೊಟ್ಟೆ.

ವೇಗದ ಪದಗಳು ವೇಗವನ್ನು ಹೇಳುವುದಿಲ್ಲ

‘ಅಂದಾಂತೆ’ಗೆ ಗೈಡ್‌ನಲ್ಲಿ ‘ನಿಧಾನವಾಗಿ’ ಎಂದಿರುತ್ತದೆ. ಅಂದಾರೆ ಎಂದರೆ ಹೋಗು. ಅಂದಾಂತೆ ಎಂದರೆ ಹೋಗುತ್ತಿರುವ, ನಡೆಯುತ್ತಿರುವ. ಸಂಜೆ ಅಂಗಡಿಯ ಕಡೆ ಹೊರಟವರ ಹೆಜ್ಜೆ ನೆನೆದುಕೊಳ್ಳಿ. ಅದು ಓಟವಲ್ಲ, ಹಾಗೆಂದು ನಿಂತು ನಿಂತು ಹೋಗುವುದೂ ಅಲ್ಲ. ‘ನಿಧಾನ’ ಎಂದು ಕಲಿತ ಮಗು ಸ್ವರಗಳನ್ನು ಎಳೆಯುತ್ತದೆ. ‘ನಡಿಗೆ’ ಎಂದು ಕಲಿತ ಮಗು ಹೆಜ್ಜೆ ಹಾಕುತ್ತದೆ. ನುಡಿಸುವಾಗ ಈ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಉಳಿದವೂ ಹೀಗೆಯೇ. ‘ಲಾರ್ಗೊ’ ಎಂದರೆ ಅಗಲ; ರೋಮಿನಲ್ಲಿ ಕೆಲವು ಚೌಕಗಳ ಹೆಸರೇ ಲಾರ್ಗೊ. ‘ಅದಾಜೊ’ ಎಂದರೆ ಆರಾಮಾಗಿ, ಆತುರವಿಲ್ಲದೆ. ‘ಅಲೆಗ್ರೊ’ ಎಂದರೆ ಖುಷಿ. ‘ವಿವಾಚೆ’ ಎಂದರೆ ಲವಲವಿಕೆ. ‘ಪ್ರೆಸ್ತೊ’ ಎಂದರೆ ಬೇಗ. ನಮ್ಮ ವಿಲಂಬ, ಮಧ್ಯಮ, ದ್ರುತ ಎಂಬ ಹೆಸರುಗಳು ಕಾಲವನ್ನು ಅಳೆಯುತ್ತವೆ. ಇಟಾಲಿಯನ್ ಪದಗಳಲ್ಲಿ ಹೆಚ್ಚಿನವು ನಡವಳಿಕೆಯನ್ನು ಹೇಳುತ್ತವೆ, ವೇಗ ಅದರ ಹಿಂದೆ ತಾನಾಗಿ ಬರುತ್ತದೆ.

ಇದರಿಂದ ತಕರಾರೂ ಹುಟ್ಟಿತು. ದುಃಖದ ರಚನೆಯನ್ನು ಚುರುಕಾಗಿ ನುಡಿಸಬೇಕಿದ್ದರೆ ‘ಖುಷಿ’ ಎಂದು ಬರೆಯುವುದು ಹೇಗೆ? ಜರ್ಮನಿಯ ಸಂಗೀತ ರಚನಕಾರ ಬೀಥೋವನ್ 1817ರ ಪತ್ರವೊಂದರಲ್ಲಿ ಇದನ್ನೇ ಎತ್ತಿ, ಈ ಪದಗಳನ್ನೇ ಬಿಟ್ಟುಬಿಡುವ ಮಾತಾಡಿದ. 1815ರಲ್ಲಿ ಮೆಲ್ಟ್‌ಸೆಲ್ ಎಂಬಾತ ಪೇಟೆಂಟ್ ಪಡೆದ ಮೆಟ್ರೊನೋಮ್ ಆಗ ಹೊಸದು. ನಿಮಿಷಕ್ಕೆ ಇಷ್ಟು ಬಡಿತ ಎಂದು ಟಿಕ್ ಟಿಕ್ ಎನ್ನುವ ಯಂತ್ರ. ಇನ್ನು ಅಂಕಿ ಬರೆದರೆ ಸಾಕು ಎನಿಸಿತ್ತು ಅವನಿಗೆ. ಆದರೆ 1824ರಲ್ಲಿ ಹೊರಬಂದ ಅವನ ಒಂಬತ್ತನೇ ಸಿಂಫನಿಯ, ಎಂದರೆ ಇಡೀ ವಾದ್ಯವೃಂದಕ್ಕೆ ಬರೆದ ದೊಡ್ಡ ರಚನೆಯ, ಮೊದಲ ಪುಟ ತೆರೆದರೆ ‘ಅಲೆಗ್ರೊ ಮಾ ನೊನ್ ತ್ರೊಪ್ಪೊ’ ಎಂದೇ ಇದೆ. ಚುರುಕಾಗಿ, ಆದರೆ ಅತಿಯಾಗಿ ಬೇಡ. ಅಂಕಿಯೊಂದಿದ್ದರೆ ಲೆಕ್ಕ ಸಿಗುತ್ತದೆ, ಲಕ್ಷಣ ಸಿಗುವುದಿಲ್ಲ. ‘ಉಪ್ಪು ಎರಡು ಗ್ರಾಂ’ ಎಂದು ಪುಸ್ತಕ ಹೇಳಿದರೂ ಅಮ್ಮ ‘ಹದವಾಗಿ ಹಾಕು’ ಎನ್ನುತ್ತಾಳಲ್ಲ, ಎರಡೂ ಬೇಕು.

ಸಣ್ಣ ಸಣ್ಣ ಜೋಡುಪದಗಳನ್ನು ಕಲಿತರೆ ದೊಡ್ಡ ಸೂಚನೆಗಳನ್ನು ಬಿಡಿಸಬಹುದು. ‘ಪೋಕೊ’ ಎಂದರೆ ಸ್ವಲ್ಪ, ‘ಮೋಲ್ತೊ’ ತುಂಬ, ‘ಪ್ಯು’ ಇನ್ನಷ್ಟು, ‘ಮೇನೊ’ ಕಡಿಮೆ, ‘ಸೆಂಪ್ರೆ’ ಯಾವಾಗಲೂ, ‘ಸೂಬಿತೊ’ ತಕ್ಷಣ, ‘ಮಾ’ ಆದರೆ. ಪದದ ತುದಿಗೆ ‘ಇಸ್ಸಿಮೊ’ ಹತ್ತಿದರೆ ಅತಿ, ‘ಎತ್ತೊ’ ಹತ್ತಿದರೆ ಕಿರಿದು. ಅಲೆಗ್ರೆತ್ತೊ ಅಲೆಗ್ರೊದ ತಮ್ಮ.

ಮೆಲ್ಲಗೆ ಮತ್ತು ಬಲವಾಗಿ

ಓರೆಯಾಗಿ ಬರೆದ ಪಿ ಎಂದರೆ ಪಿಯಾನೊ, ಎಫ್ ಎಂದರೆ ಫೋರ್ತೆ. ಇಟಲಿಯಲ್ಲಿ ‘ಪಿಯಾನೊ ಪಿಯಾನೊ’ ಎಂದರೆ ‘ಮೆಲ್ಲ ಮೆಲ್ಲಗೆ’ ಎಂದು. ಮೆಟ್ಟಿಲಿಳಿಯುವ ಮಗುವಿಗೆ ಹೇಳುವ ಮಾತು. ‘ನಿಧಾನವೇ ಪ್ರಧಾನ’ ಎಂಬರ್ಥದ ಅವರ ಗಾದೆಯಲ್ಲೂ ಇದೇ ಪಿಯಾನೊ ಇದೆ. ಫೋರ್ತೆ ಎಂದರೆ ಬಲ. ನಾವು ಸ್ಟ್ರಾಂಗ್ ಕಾಫಿ ಎನ್ನುವಾಗ ಇರುವ ಆ ಸ್ಟ್ರಾಂಗ್. ಹಾಗಾಗಿ ಎಫ್ ಕಂಡಲ್ಲಿ ಕೀಲಿಗಳನ್ನು ಕುಟ್ಟಬೇಕಿಲ್ಲ, ನಾದಕ್ಕೆ ಮೈ ಬರಬೇಕು.

‘ಮೆಡ್ಜೊ’ ಎಂದರೆ ಅರ್ಧ. ಎಂ, ಪಿ ಜೊತೆಗಿದ್ದರೆ ಅರೆ ಮೆಲ್ಲಗೆ. ಪಿ ಎರಡಾದರೆ ಪಿಯಾನಿಸ್ಸಿಮೊ, ಬಹಳ ಮೆಲ್ಲಗೆ. ರಷ್ಯದ ಚೈಕೊವ್‌ಸ್ಕಿ 1893ರ ತನ್ನ ಆರನೇ ಸಿಂಫನಿಯಲ್ಲಿ ಒಂದು ಕಡೆ ಬಸೂನ್ ಎಂಬ ಊದುವ ವಾದ್ಯದವನಿಗೆ ಸಾಲಾಗಿ ಆರು ಪಿ ಬರೆದಿದ್ದಾನೆ. ಆ ಸ್ವರ ಕೇಳಿಸಿತೋ ಇಲ್ಲವೋ ಎನ್ನುವಷ್ಟರಲ್ಲಿ ಇಡೀ ವಾದ್ಯವೃಂದ ಎರಡು ಎಫ್‌ನಲ್ಲಿ ಸಿಡಿಯುತ್ತದೆ. ‘ಕ್ರೆಶೆಂದೊ’ ಎಂದರೆ ಬೆಳೆಯುತ್ತ. ಮಗು ಬೆಳೆಯುವುದಕ್ಕೂ ಇದೇ ಧಾತು. ‘ದಿಮಿನುಎಂದೊ’ ಎಂದರೆ ಕುಗ್ಗುತ್ತ.

ಪಿಯಾನೊ ಎಂಬ ವಾದ್ಯಕ್ಕೆ ಆ ಹೆಸರು ಬಂದದ್ದೂ ಇಲ್ಲಿಂದಲೇ. ಅದಕ್ಕೂ ಮುಂಚಿನ ಹಾರ್ಪ್ಸಿಕಾರ್ಡ್‌ನಲ್ಲಿ ಕೀಲಿ ಒತ್ತಿದರೆ ಹಕ್ಕಿಗರಿಯ ತುಣುಕೊಂದು ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ. ಫ್ಲಾರೆನ್ಸಿನ ಮೆದಿಚಿ ಮನೆತನದ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಕ್ರಿಸ್ತೊಫೋರಿ 1700ರ ಹೊತ್ತಿಗೆ ಗರಿಯ ಬದಲು ಪುಟ್ಟ ಸುತ್ತಿಗೆಗಳನ್ನು ಕೂರಿಸಿದ. ಬೆರಳಿನ ಬಲ ತಂತಿಗೆ ತಲುಪತೊಡಗಿತು. ಮೆಲ್ಲಗೂ ಬಲವಾಗಿಯೂ ನುಡಿಸಬಹುದಾದ ವಾದ್ಯ, ‘ಪಿಯಾನೊ ಎ ಫೋರ್ತೆ’. ಬಳಕೆಯಲ್ಲಿ ಹೆಸರಿನ ಬಾಲ ಉದುರಿ ‘ಮೆಲ್ಲಗೆ’ ಎನ್ನುವುದಷ್ಟೇ ಉಳಿಯಿತು. ಅವನು ಮಾಡಿದವುಗಳಲ್ಲಿ ಮೂರು ಇವತ್ತಿಗೂ ಇವೆ: ನ್ಯೂಯಾರ್ಕ್, ರೋಮ್, ಲೈಪ್‌ಜಿಗ್‌ಗಳಲ್ಲಿ.

ಈ ಸೂಚನೆಗಳು ಎಷ್ಟು ಕೆಲಸ ಮಾಡಬಲ್ಲವು ಎಂದು ನೋಡಲು ವಿವಾಲ್ದಿಯ ಒಂದು ಪುಟ ಸಾಕು. 1725ರಲ್ಲಿ ಅಚ್ಚಾದ ಅವನ ಋತುಗಳ ಕೃತಿಯಲ್ಲಿ ವಸಂತದ ಎರಡನೇ ಭಾಗ. ಹೂ ತುಂಬಿದ ಬಯಲಿನಲ್ಲಿ ಕುರುಬ ಮಲಗಿದ್ದಾನೆ, ಪಕ್ಕದಲ್ಲಿ ಅವನ ನಾಯಿ. ಒಂಟಿ ಪಿಟೀಲು ಮಲಗಿದ ಕುರುಬ. ಅದರದು ಉದ್ದ ಉಸಿರಿನ ರಾಗ. ಉಳಿದ ಪಿಟೀಲುಗಳು ಎಲೆಗಳ ಮರ್ಮರ. ಅವಕ್ಕೆ ಕೊನೆಯವರೆಗೂ ಬಹಳ ಮೆಲ್ಲಗೆ ಎಂಬ ಸೂಚನೆ. ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲ ನಾಯಿಯ ಬೊಗಳು. ಅದಕ್ಕೆ ಯಾವಾಗಲೂ ಬಹಳ ಜೋರಾಗಿ, ಹರಿದ ಹಾಗೆ ನುಡಿಸು ಎಂದು ಬರೆದಿದೆ. ಸ್ವರಗಳು ಅವೇ ಇದ್ದು ಈ ಮಾತುಗಳನ್ನು ಅಳಿಸಿಬಿಟ್ಟರೆ ಬಯಲೂ ಇಲ್ಲ, ನಾಯಿಯೂ ಇಲ್ಲ.

ದನಿಗಳಿಗೆ ಜಾತಿ ಯಾಕೆ ಬೇಕಾಯಿತು?

ಕರ್ನಾಟಕ ಸಂಗೀತ ಕೇಳುವವರಿಗೆ ಸೊಪ್ರಾನೊ, ಟೆನರ್ ಎಂಬ ವಿಂಗಡಣೆ ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ ಗಾಯಕಿ ವೇದಿಕೆಗೆ ಬಂದು ತನ್ನ ಕಂಠಕ್ಕೆ ಹೊಂದುವ ಶ್ರುತಿಗೆ ತಂಬೂರಿ ಕೂಡಿಸಿಕೊಳ್ಳುತ್ತಾಳೆ. ಹಾರ್ಮೋನಿಯಂನವರ ಲೆಕ್ಕದಲ್ಲಿ ಒಬ್ಬರಿಗೆ ಬಿಳಿ ಒಂದು, ಇನ್ನೊಬ್ಬರಿಗೆ ಬಿಳಿ ಐದು. ಅದೇ ಮೋಹನ ರಾಗದ ಕೀರ್ತನೆ ಇಬ್ಬರ ಕಂಠಕ್ಕೂ ಸರಿಯುತ್ತದೆ. ಹಾಡೇ ಹಾಡುವವರ ಹತ್ತಿರ ಬರುತ್ತದೆ.

ಒಪೆರಾದಲ್ಲಿ ಅದು ಸಾಧ್ಯವಿಲ್ಲ. ಅರವತ್ತೆಪ್ಪತ್ತು ವಾದ್ಯಗಳಿಗೆ ಸ್ವರಗಳು ಅಚ್ಚಾಗಿವೆ, ಷಡ್ಜ ಸರಿಸುವ ಹಾಗಿಲ್ಲ. ಪಾತ್ರ ಬರೆದ ಎತ್ತರದಲ್ಲೇ ಹಾಡಬಲ್ಲವರನ್ನು ಹುಡುಕಬೇಕು. ದನಿಗಳನ್ನು ವಿಂಗಡಿಸಬೇಕಾದದ್ದು ಈ ಅಗತ್ಯದಿಂದ. ಅಳತೆ ಕೊಟ್ಟು ಹೊಲಿಸಿದ ಬಟ್ಟೆಗೂ ಸೈಜ್ ನೋಡಿ ಕೊಳ್ಳುವ ಸಿದ್ಧ ಉಡುಪಿಗೂ ಇರುವ ವ್ಯತ್ಯಾಸವಿದು.

ಹೆಸರುಗಳ ಹಿಂದೆ ಚರ್ಚಿನ ಹಾಡಿನ ಕತೆಯಿದೆ. ಮಧ್ಯಯುಗದಲ್ಲಿ ಹಳೆಯ ಮಂತ್ರದ ರಾಗವನ್ನು ಒಂದು ದನಿ ಉದ್ದುದ್ದ ಸ್ವರಗಳಲ್ಲಿ ಹಿಡಿದು ನಿಲ್ಲುತ್ತಿತ್ತು, ಮಿಕ್ಕವು ಅದರ ಸುತ್ತ ಓಡಾಡುತ್ತಿದ್ದವು. ಹಿಡಿದು ನಿಂತದ್ದಕ್ಕೆ ‘ತೆನೋರ್’. ತೆನೇರೆ ಎಂದರೆ ಹಿಡಿ. ಅದಕ್ಕೆ ಎದುರಾಗಿ ಮೇಲೆ ಹಾಡುವುದು ‘ಕೊಂತ್ರಾಲ್ತೊ’ ಅಥವಾ ಆಲ್ತೊ, ಕೆಳಗಿನದು ‘ಬಾಸ್ಸೊ’. ಎಲ್ಲಕ್ಕಿಂತ ಮೇಲಿನದು ‘ಸೊಪ್ರಾನೊ’; ಸೊಪ್ರಾ ಎಂದರೆ ಮೇಲೆ. ಇಂದು ಹೆಂಗಸರ ದನಿಗಳನ್ನು ಸೊಪ್ರಾನೊ, ಮೆಡ್ಜೊ ಸೊಪ್ರಾನೊ, ಕೊಂತ್ರಾಲ್ತೊ ಎಂದೂ, ಗಂಡಸರವನ್ನು ಟೆನರ್, ಬಾರಿಟೋನ್, ಬಾಸ್ ಎಂದೂ ಮೇಲಿನಿಂದ ಕೆಳಕ್ಕೆ ಕರೆಯುತ್ತಾರೆ. ಮಂಗಳೂರಿನ ಚರ್ಚುಗಳ ಗಾಯನವೃಂದಗಳಲ್ಲಿ ಹಾಡಿದವರಿಗೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಸಾಲುಗಳು ಮನೆಮಾತು.

ಅಂತರ ಎಷ್ಟು? ಮೊಜಾರ್ಟ್‌ನ 1791ರ ಮಾಯಾಕೊಳಲಿನ ಒಪೆರಾದಲ್ಲಿ ರಾತ್ರಿರಾಣಿ ಎಂಬ ಸೊಪ್ರಾನೊ ಪಾತ್ರ ತುತ್ತತುದಿಗೆ ಏರಿದಾಗ ಗಂಟಲಿನ ತಂತುಗಳು ಸೆಕೆಂಡಿಗೆ ಸುಮಾರು 1,400 ಸಲ ಕಂಪಿಸುತ್ತವೆ. ಅದೇ ನಾಟಕದ ಸರಾಸ್ತ್ರೊ ಎಂಬ ಬಾಸ್ ಪಾತ್ರದ ಅತಿ ತಗ್ಗಿನ ಸ್ವರಕ್ಕೆ ಸುಮಾರು 87 ಸಲ. ಒಂದೇ ರಂಗದ ಮೇಲೆ ಹದಿನಾರು ಪಟ್ಟು ವ್ಯತ್ಯಾಸ. ನಮ್ಮ ಲೆಕ್ಕದಲ್ಲಿ ನಾಲ್ಕು ಸ್ಥಾಯಿ.

ಎತ್ತರದ ಜೊತೆ ತೂಕವನ್ನೂ ನೋಡುತ್ತಾರೆ. ‘ಲೆಜ್ಜೇರೊ’ ಹಗುರ ದನಿ, ‘ಲಿರಿಕೊ’ ಮಧುರ, ‘ದ್ರಮ್ಮಾತಿಕೊ’ ದಪ್ಪ ವಾದ್ಯವೃಂದವನ್ನೂ ಮೀರಿ ನಿಲ್ಲುವ ದನಿ. ‘ಸ್ಪಿಂತೊ’ ಎಂದರೆ ತಳ್ಳಿದ್ದು. ಮಧುರ ದನಿಯನ್ನು ತುಸು ಮುಂದೆ ತಳ್ಳಿದರೆ ಸಿಗುವ ಕಾವು. ‘ಕೊಲೊರತೂರಾ’ ಎಂದರೆ ಬಣ್ಣ ಹಚ್ಚುವುದು. ಮಿಂಚಿನಂತೆ ಓಡುವ ಸ್ವರಗುಚ್ಛಗಳನ್ನು ಹಾಡಬಲ್ಲವಳು ಕೊಲೊರತೂರಾ ಸೊಪ್ರಾನೊ. ಹಿಂದೂಸ್ತಾನಿಯ ತಾನುಗಳನ್ನು ಬಲ್ಲವರಿಗೆ ಆ ಚುರುಕು ಪರಿಚಿತ.

ಸೊಪ್ರಾನೊ ದನಿಗೂ ಮೈಸೂರಿಗೂ ಒಂದು ನಂಟಿದೆ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚಿನ ವರ್ಷ ಸೊಪ್ರಾನೊ ಮತ್ತು ವಾದ್ಯವೃಂದಕ್ಕಾಗಿ ನಾಲ್ಕು ಗೀತೆಗಳನ್ನು ಬರೆದಿದ್ದ. ಅವು ಮೊದಲ ಬಾರಿ ಕೇಳಿಸಿದ್ದು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಹಾಡಿದವರು ಕಿರ್‌ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಗೆ ಹಣದ ಆಸರೆ ಕೊಟ್ಟವರು ಜಯಚಾಮರಾಜ ಒಡೆಯರ್. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ದೊರೆ ಪಾಶ್ಚಾತ್ಯ ಸಂಗೀತವನ್ನೂ ಅಷ್ಟೇ ಆಳವಾಗಿ ಅಭ್ಯಾಸ ಮಾಡಿದವರು.

ಇಟಲಿಯ ಗಾಯನದ ಚರಿತ್ರೆಯಲ್ಲಿ ನೋವಿನ ಅಧ್ಯಾಯವೊಂದಿದೆ, ಅದನ್ನು ಬಿಟ್ಟು ದನಿಗಳ ಕತೆ ಹೇಳಲಾಗದು. ಚರ್ಚಿನಲ್ಲಿ ಹೆಂಗಸರು ಹಾಡಬಾರದೆಂಬ ಕಟ್ಟಳೆಯಿಂದಾಗಿ ಎತ್ತರದ ದನಿಗೆ ಹುಡುಗರು ಬೇಕಿತ್ತು. ದನಿ ಒಡೆಯುವ ಮುನ್ನವೇ ಕೆಲವು ಹುಡುಗರಿಗೆ ಬೀಜ ತೆಗೆಯುವ ಶಸ್ತ್ರಕ್ರಿಯೆ ಮಾಡಿಸುತ್ತಿದ್ದರು. ಕಂಠ ಹುಡುಗನದಾಗಿಯೇ ಉಳಿದು ಎದೆಗೂಡು ಮಾತ್ರ ಬೆಳೆಯುತ್ತಿತ್ತು. ‘ಕಸ್ತ್ರಾತೊ’ ಎಂಬುದು ಅವರ ಹೆಸರು. ಬಹುಮಂದಿ ಬಡವರ ಮಕ್ಕಳು. ಕೆಲವೇ ಕೆಲವರಿಗೆ ಕೀರ್ತಿ ದಕ್ಕಿತು. 1705ರಲ್ಲಿ ಹುಟ್ಟಿದ ಫಾರಿನೆಲ್ಲಿ ಸ್ಪೇನಿನ ಅರಸನ ಮನೋವ್ಯಥೆಗೆ ಮದ್ದಾಗಿ ಅರಮನೆಯಲ್ಲಿ ಹಾಡಿಕೊಂಡಿದ್ದ. ಕೊನೆಯವರಲ್ಲಿ ಒಬ್ಬನಾದ ಮೊರೆಸ್ಕಿಯ ಹಾಡನ್ನು 1902 ಮತ್ತು 1904ರಲ್ಲಿ ಮುದ್ರಿಸಿಕೊಂಡಿದ್ದಾರೆ. ಗರಗರ ಸದ್ದಿನ ನಡುವಿನಿಂದ ಬರುವ ಆ ದನಿಯನ್ನು ನಾನು ಒಮ್ಮೆ ಕೇಳಿದೆ, ಎರಡನೇ ಸಲ ಹಾಕಲು ಮನಸ್ಸು ಬರಲಿಲ್ಲ.

ಎದೆಯ ದನಿ, ತಲೆಯ ದನಿ

ಅಂಗೈಯನ್ನು ಎದೆಯ ಮೇಲಿಟ್ಟು ತಗ್ಗಿನ ದನಿಯಲ್ಲಿ ‘ಅಣ್ಣಾ’ ಎನ್ನಿ. ಎಲುಬು ಝುಮ್ಮೆನ್ನುವುದು ಕೈಗೆ ತಿಳಿಯುತ್ತದೆ. ಅದು ‘ವೋಚೆ ದಿ ಪೆತ್ತೊ’, ಎದೆಯ ದನಿ. ಈಗ ತೊಟ್ಟಿಲ ಮಗುವನ್ನು ಕರೆಯುವಂತೆ ಎತ್ತರದಲ್ಲಿ ‘ಊ’ ಎನ್ನಿ. ಎದೆಯ ಕಂಪನ ಹೋಗಿ ಕೆನ್ನೆ, ಹಣೆಯ ಕಡೆ ಏನೋ ಮಿಡಿದಂತಾಗುತ್ತದೆ. ಅದು ‘ವೋಚೆ ದಿ ತೆಸ್ತಾ’, ತಲೆಯ ದನಿ. ದನಿ ಹುಟ್ಟುವುದು ಎದೆಯಲ್ಲೂ ಅಲ್ಲ, ತಲೆಯಲ್ಲೂ ಅಲ್ಲ, ಎರಡೂ ಸಲ ಗಂಟಲಿನಲ್ಲೇ. ತಗ್ಗಿನಲ್ಲಿ ತಂತುಗಳು ದಪ್ಪನಾಗಿ ಇಡಿಯಾಗಿ ಬಡಿದುಕೊಳ್ಳುತ್ತವೆ, ಎತ್ತರದಲ್ಲಿ ಹಿಗ್ಗಿ ತೆಳುವಾಗಿ ಅಂಚಿನಲ್ಲಿ ಕಂಪಿಸುತ್ತವೆ. ಹಾಡುವವರು ಮೈಗೆ ಅನಿಸಿದ್ದಕ್ಕೆ ಹೆಸರಿಟ್ಟರು. ಒಳಗೆ ಏನಾಗುತ್ತಿದೆಯೆಂದು ನೋಡಲು ಆಗ ದಾರಿಯಿರಲಿಲ್ಲ.

ದಾರಿ ಮಾಡಿದ್ದು ಒಬ್ಬ ಗಾಯನ ಗುರುವೇ. ಮನುವೆಲ್ ಗಾರ್ಸಿಯಾ 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿನ ಹಿಂಭಾಗಕ್ಕೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ, ತನ್ನದೇ ತಂತುಗಳು ತೆರೆದು ಮುಚ್ಚುವುದನ್ನು ನೋಡಿದ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದನ್ನು ವರದಿ ಮಾಡಿದ. ಕಿವಿ ಮೂಗು ಗಂಟಲಿನ ವೈದ್ಯರು ಕನ್ನಡಿ ಹಿಡಿದು ಗಂಟಲು ನೋಡುವ ಪದ್ಧತಿಗೆ ಅದು ದಾರಿಯಾಯಿತು.

ಎದೆಯ ದನಿಯಿಂದ ತಲೆಯ ದನಿಗೆ ದಾಟುವ ಜಾಗಕ್ಕೆ ‘ಪಸ್ಸಾಜ್ಜೊ’ ಎನ್ನುತ್ತಾರೆ, ಹಾದುಹೋಗುವ ಓಣಿ. ಘಾಟಿ ಏರುವ ಬಸ್ಸಿನಲ್ಲಿ ಡ್ರೈವರು ಗೇರ್ ಬದಲಿಸುವಾಗ ಪಳಗಿದ ಕೈಯಾದರೆ ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ, ಹೊಸಬನಾದರೆ ಎಲ್ಲರ ತಲೆಯೂ ಮುಂದಿನ ಸೀಟಿಗೆ. ಗಾಯಕರು ವರ್ಷಗಟ್ಟಲೆ ದುಡಿಯುವುದು ಆ ಗೇರನ್ನು ಮುಚ್ಚಿಡಲು. ‘ಫಾಲ್ಸೆತ್ತೊ’ ಎಂದರೆ ತುಸು ಹುಸಿ. ಗಂಡಸರು ಬಲ ಬಿಟ್ಟು ತೆಳ್ಳಗೆ ಮೇಲೇರುವ ದನಿ. ಹತ್ತೊಂಬತ್ತನೇ ಶತಮಾನದ ಆರಂಭದವರೆಗೂ ಟೆನರ್‌ಗಳು ತುದಿಯ ಸ್ವರಗಳನ್ನು ಹೀಗೆ ತೆಳುವಾಗಿಯೇ ಮುಟ್ಟುತ್ತಿದ್ದರು. ದುಪ್ರೆ ಎಂಬ ಫ್ರೆಂಚ್ ಗಾಯಕ ಇಟಲಿಯಲ್ಲಿ ಕಲಿತು, 1837ರಲ್ಲಿ ಪ್ಯಾರಿಸ್ಸಿನ ಒಪೆರಾವೊಂದರಲ್ಲಿ ಮೇಲಿನ ‘ದೋ’ವನ್ನು ಎದೆಯ ಪೂರ್ತಿ ಬಲದಿಂದ ಹಾಡಿದ. ಜನ ಹುಚ್ಚೆದ್ದರು. ಆ ಒಪೆರಾ ಬರೆದ ರೊಸ್ಸೀನಿಗೆ ಅದು ಕತ್ತು ಕೊಯ್ದ ಹುಂಜದ ಕೂಗಿನಂತೆ ಕೇಳಿಸಿತು ಎಂಬ ಮಾತಿದೆ. ಆದರೂ ಅಂದಿನಿಂದ ಟೆನರ್ ಎಂದರೆ ಜನ ಕಾಯುವುದು ಆ ಸ್ವರಕ್ಕೇ.

ಉಸಿರಿನ ಮೇಲೆ ಒರಗುವುದು

‘ಬೆಲ್ ಕಾಂತೊ’ ಎಂದರೆ ಚೆಂದದ ಹಾಡುಗಾರಿಕೆ, ಅಷ್ಟೇ. ಅದರ ಅಡಿಪಾಯ ‘ಅಪ್ಪೊಜ್ಜೊ’, ಒರಗುವುದು, ಆನಿಕೆ. ಹಾರ್ಮೋನಿಯಂ ನುಡಿಸುವವರ ಎಡಗೈ ಗಮನಿಸಿ. ತಿದಿಯನ್ನು ಜೋರಾಗಿ ಒತ್ತಿದರೆ ಸ್ವರ ಅರಚುತ್ತದೆ, ಬಿಟ್ಟರೆ ಸೊರಗುತ್ತದೆ, ಸಮನಾಗಿ ಒತ್ತಿದರೆ ನಾದ ನಿಲ್ಲುತ್ತದೆ. ಗಾಯಕರ ಪಕ್ಕೆಲುಬುಗಳೂ ಹೊಟ್ಟೆಯ ಸ್ನಾಯುಗಳೂ ಆ ಎಡಗೈಯ ಕೆಲಸ ಮಾಡುತ್ತವೆ. ಉಸಿರು ತೆಗೆದುಕೊಂಡ ಮೇಲೆ ಎದೆಗೂಡು ಕುಸಿಯಲು ಬಿಡದೆ ಅಗಲವಾಗಿಯೇ ಇಟ್ಟುಕೊಂಡು ಗಾಳಿಯನ್ನು ಎಳೆ ಎಳೆಯಾಗಿ ಬಿಡುವುದು.

ಆ ಹಿಡಿತವನ್ನು ಪರೀಕ್ಷಿಸುವ ಅಭ್ಯಾಸಕ್ಕೆ ‘ಮೆಸ್ಸಾ ದಿ ವೋಚೆ’ ಎಂದು ಹೆಸರು. ಒಂದೇ ಸ್ವರವನ್ನು ಕೇಳಿಸದಷ್ಟು ಮೆಲ್ಲಗೆ ಶುರು ಮಾಡಿ, ತುಂಬುವಷ್ಟು ತುಂಬಿ, ಮತ್ತೆ ಅದೇ ಮೌನಕ್ಕೆ ಇಳಿಸುವುದು, ಎಲ್ಲವೂ ಒಂದೇ ಉಸಿರಿನಲ್ಲಿ. ಫಾರಿನೆಲ್ಲಿ ಇದಕ್ಕೇ ಹೆಸರಾದವನು. ‘ಮೆಡ್ಜಾ ವೋಚೆ’ಯನ್ನು ಇದರ ಜೊತೆ ಕಲಸಬೇಡಿ. ಅದು ಅರೆದನಿ. ‘ಸೊತ್ತೊ ವೋಚೆ’ ಅದಕ್ಕೂ ಕೆಳಗೆ, ಗುಟ್ಟು ಹೇಳಿದ ಹಾಗೆ. ‘ಆ ಕಪ್ಪೆಲ್ಲಾ’ ಎಂದರೆ ಪ್ರಾರ್ಥನಾ ಮಂದಿರದ ಕ್ರಮದಲ್ಲಿ. ವ್ಯಾಟಿಕನ್ನಿನ ಸಿಸ್ಟೀನ್ ಮಂದಿರದಲ್ಲಿ ವಾದ್ಯಗಳಿಲ್ಲದೆ ಹಾಡುತ್ತಿದ್ದುದರಿಂದ ಪಕ್ಕವಾದ್ಯವಿಲ್ಲದ ಹಾಡಿಗೆಲ್ಲ ಅದೇ ಹೆಸರಾಯಿತು.

ಇಷ್ಟು ದೊಡ್ಡ ವಾದ್ಯವೃಂದದ ಮುಂದೆ ಮೈಕ್ ಇಲ್ಲದೆ ಒಬ್ಬರ ದನಿ ಕೊನೆಯ ಸಾಲಿಗೆ ಹೇಗೆ ಮುಟ್ಟುತ್ತದೆ? ಜೋರಿನಿಂದಲ್ಲ. ಅಷ್ಟು ವಾದ್ಯಗಳನ್ನು ಜೋರಿನಲ್ಲಿ ಗೆಲ್ಲಲು ಯಾರಿಂದಲೂ ಆಗದು. ವಾದ್ಯವೃಂದದ ಸದ್ದಿನ ಬಲವೆಲ್ಲ ಸೆಕೆಂಡಿಗೆ 500 ಕಂಪನಗಳ ಆಸುಪಾಸಿನಲ್ಲಿ ಗುಂಪುಗೂಡಿರುತ್ತದೆ, ಮೇಲಕ್ಕೆ ಹೋದಂತೆ ಇಳಿಯುತ್ತದೆ. ಪಳಗಿದ ಗಾಯಕರು, ಅದರಲ್ಲೂ ಗಂಡುದನಿಯವರು, ಧ್ವನಿಪೆಟ್ಟಿಗೆಯ ಮೇಲ್ಭಾಗವನ್ನು ಕಿರಿದು ಮಾಡಿ 3,000 ಕಂಪನಗಳ ಸುತ್ತ ನಾದವನ್ನು ಒಟ್ಟುಗೂಡಿಸುತ್ತಾರೆ. ವಾದ್ಯಗಳ ಪೈಪೋಟಿ ಅಲ್ಲಿ ಕಡಿಮೆ, ನಮ್ಮ ಕಿವಿ ಅಲ್ಲೇ ಬಹಳ ಚುರುಕು. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದನ್ನು ಅಳೆದು ವಿವರಿಸಿದರು. ಮೆಜೆಸ್ಟಿಕ್ ನಿಲ್ದಾಣದಲ್ಲಿ ಹತ್ತಾರು ಇಂಜಿನ್ನುಗಳ ಗುಡುಗಿನ ನಡುವೆಯೂ ಊರಿನ ಹೆಸರು ಕೂಗುವ ಕಂಡಕ್ಟರನ ದನಿ ಕಿವಿಗೆ ಬೀಳುವುದಕ್ಕೆ ಆ ದನಿಯ ಮೊನಚು ಕಾರಣ. ಮೈಕ್ ಬರುವ ಮುಂಚಿನ ನಾಟಕ ಕಂಪನಿಗಳ ನಟರಿಗೂ ಹಿಂದಿನ ಬೆಂಚಿಗೆ ಹಾಡು ಮುಟ್ಟಿಸುವ ದಾರಿ ಕಂಠದಲ್ಲೇ ಹುಡುಕಬೇಕಿತ್ತು.

ಇಟಾಲಿಯನ್ನರು ಆ ಮೊನಚಿಗೆ ‘ಸ್ಕ್ವಿಲ್ಲೊ’ ಎನ್ನುತ್ತಾರೆ. ಫೋನ್ ರಿಂಗಾಗುವುದೂ ಸ್ಕ್ವಿಲ್ಲೊ. ‘ಒಂದು ಸ್ಕ್ವಿಲ್ಲೊ ಮಾಡು’ ಎಂದರೆ ಮಿಸ್ಡ್ ಕಾಲ್ ಕೊಡು ಎಂದರ್ಥ.

ಕಟ್ಟುವುದು, ಬಿಡಿಸುವುದು

‘ಲೆಗಾತೊ’ ಎಂದರೆ ಕಟ್ಟಿದ್ದು. ಸ್ವರಗಳ ನಡುವೆ ಸಂದಿಲ್ಲ, ತುಪ್ಪದ ಧಾರೆ. ‘ಸ್ತಕ್ಕಾತೊ’ ಎಂದರೆ ಬಿಡಿಸಿದ್ದು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಒಂದೊಂದೂ ಬೇರೆ ಬೇರೆ. ‘ಪೋರ್ತಮೆಂತೊ’ ಎಂದರೆ ಹೊತ್ತೊಯ್ಯುವುದು. ಒಂದು ಸ್ವರದಿಂದ ಇನ್ನೊಂದಕ್ಕೆ ದನಿಯನ್ನು ಜಾರಿಸಿಕೊಂಡು ಹೋಗುವುದು. ನಮ್ಮ ಜಾರು, ಹಿಂದೂಸ್ತಾನಿಯವರ ಮೀಂಡ್ ಇದಕ್ಕೆ ಹತ್ತಿರ. ಆದರೆ ನಮ್ಮಲ್ಲಿ ಜಾರು ರಾಗದ ಪ್ರಾಣ, ಅಲ್ಲಿ ಅದು ಒಡವೆ. ‘ವಿಬ್ರಾತೊ’ವನ್ನು ಗಮಕವೆಂದು ತಿಳಿಯುವವರಿದ್ದಾರೆ. ಹಾಗಲ್ಲ. ವಿಬ್ರಾತೊ ಸೆಕೆಂಡಿಗೆ ಐದಾರು ಸಲ ತಾನಾಗಿ ಆಗುವ ಸಣ್ಣ ಕಂಪನ, ಎಲ್ಲ ಸ್ವರಗಳಿಗೂ ಒಂದೇ. ಗಮಕವನ್ನು ನಿರ್ಧರಿಸುವುದು ರಾಗ.

‘ದೋಲ್ಚೆ’ ಎಂದರೆ ಸಿಹಿ, ಊಟದ ಕೊನೆಗೆ ಬಡಿಸುವುದಕ್ಕೂ ಅದೇ ಹೆಸರು. ‘ಕೋನ್ ಫುವೋಕೊ’ ಬೆಂಕಿಯೊಂದಿಗೆ. ‘ಮೊರೆಂದೊ’ ಸಾಯುತ್ತ, ಕರಗುತ್ತ. ‘ರುಬಾತೊ’ ಎಂದರೆ ಕದ್ದದ್ದು. ಒಂದು ಸ್ವರದ ಹೊತ್ತನ್ನು ಕದ್ದು ಇನ್ನೊಂದಕ್ಕೆ ಕೊಡುವುದು. ‘ಕಂತಾಬಿಲೆ’ ಎಂದರೆ ಹಾಡಬಹುದಾದ ಹಾಗೆ. ವಾದ್ಯಕ್ಕೆ ಈ ಪದ ಬರೆದಾಗ, ಬೆರಳು ಕಂಠದಂತೆ ಉಸಿರಾಡಬೇಕು ಎಂದು ಕೇಳುತ್ತಿದ್ದಾರೆ. ನಮ್ಮ ವೀಣೆ, ಪಿಟೀಲಿನ ಗುರುಗಳು ‘ಮೊದಲು ಹಾಡು, ಆಮೇಲೆ ನುಡಿಸು’ ಎನ್ನುವುದೂ ಇದನ್ನೇ.

ತಲೆ, ಬಾಲ, ನಿಲ್ದಾಣ

ಡಿ, ಸಿ ಎಂದು ಕಂಡರೆ ‘ದಾ ಕಾಪೊ’, ತಲೆಯಿಂದ ಮತ್ತೆ. ಪಲ್ಲವಿಗೆ ಮರಳಿದಂತೆ. ಹಳೆಯ ಒಪೆರಾದಲ್ಲಿ ಹೀಗೆ ಮರಳಿದಾಗ ಗಾಯಕರು ಅದೇ ಸಾಲನ್ನು ಹೊಸ ಅಲಂಕಾರಗಳಿಂದ ಹಾಡಬೇಕಿತ್ತು, ನಮ್ಮ ಸಂಗತಿಗಳ ಹಾಗೆ. ‘ಕೋದಾ’ ಎಂದರೆ ಬಾಲ. ರಚನೆಯ ತುದಿಗೆ ಅಂಟಿಸಿದ ಕೊನೆಯ ತುಣುಕು. ಇಟಲಿಯ ಅಂಚೆಕಚೇರಿಯ ಕ್ಯೂಗೂ ಕೋದಾ ಎಂದೇ ಹೆಸರು.

ಉಳಿದದ್ದು ಮಗುವಿನ ಪುಟದ ಕೊನೆಯ ಸಾಲು. ‘ರಿತ್’ ಎಂದರೆ ರಿತಾರ್ದಾಂದೊ, ತಡಮಾಡುತ್ತ. ಊರು ಹತ್ತಿರ ಬಂದಾಗ ರೈಲು ಓಟ ತಗ್ಗಿಸುವ ಹಾಗೆ. ಚುಕ್ಕಿಯ ಮೇಲಿನ ಬಿಲ್ಲು ‘ಫೆರ್ಮಾತಾ’, ನಿಲುಗಡೆ. ಇಟಲಿಯ ರಸ್ತೆಬದಿಯ ಕಂಬಗಳ ಮೇಲೆ ಈ ಪದ ಕಂಡರೆ ಅದು ಬಸ್ ಸ್ಟಾಪ್. ಅಲ್ಲಿನ ಸಂಗೀತಗಾರರು ಮಾತ್ರ ಆ ಗುರುತಿಗೆ ‘ಕೊರೋನಾ’ ಎನ್ನುತ್ತಾರೆ, ಕಿರೀಟ. ವೈರಾಣುವಿಗೆ ಬಂದದ್ದೂ ಇದೇ ಕಿರೀಟದ ಹೆಸರು.

“ಎಷ್ಟು ಎಣಿಸ್ಬೇಕು ದೊಡ್ಡಮ್ಮಾ ಇದಕ್ಕೆ?” ಎಂದಳು.

ಲೆಕ್ಕ ಬರೆದಿರುವುದಿಲ್ಲ ಎಂದೆ. ವಾದ್ಯವೃಂದವಿದ್ದರೆ ಮುಂದೆ ನಿಂತವರ ಕೈ ಇಳಿಯುವ ತನಕ. ಹಾಡುವವರಾದರೆ ಉಸಿರು ಇರುವ ತನಕ. ಒಬ್ಬಳೇ ನುಡಿಸುವಾಗ ಕಿವಿ ಸಾಕು ಅನ್ನುವ ತನಕ.

ಕೀಬೋರ್ಡನ್ನು ಪಿಯಾನೊ ದನಿಗೆ ಇಟ್ಟುಕೊಂಡು ಮೊದಲಿಂದ ನುಡಿಸಿದಳು. ಕಾಲು ನೆಲಕ್ಕೆ ತಾಗಿಸಿ ಹೆಜ್ಜೆ ಹಾಕುತ್ತಿದ್ದಳು, ಹೇಳಿಕೊಟ್ಟಿರಲಿಲ್ಲ. ಕೊನೆಯ ಸ್ವರಕ್ಕೆ ಬಂದು ಬೆರಳು ಊರಿ ಕೂತಳು. ನಾದ ತೆಳುವಾಗುತ್ತ ಹೋಯಿತು. ಫ್ಯಾನಿನ ಸದ್ದು ಅದಕ್ಕಿಂತ ಜೋರಾಗಿ ಕೇಳತೊಡಗಿದ ಮೇಲೂ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಆಲಿಸಿ, ಆಮೇಲೆ ಬೆರಳೆತ್ತಿದಳು.